ಒಸಾಕಾದಲ್ಲಿ ಠಿಕಾಣಿ, ದಿನಕ್ಕೊಂದು ಊರು

ಜಪಾನಿಗೆ ಹೋಗುವವರು ಸಾಮಾನ್ಯವಾಗಿ ಸೂಟ್‌ಕೇಸ್ ಎಳೆದುಕೊಂಡು ಊರಿಂದೂರಿಗೆ ಓಡುತ್ತಿರುತ್ತಾರೆ. ಟೋಕಿಯೋದಲ್ಲಿ ಮೂರು ರಾತ್ರಿ, ಕ್ಯೋಟೋದಲ್ಲಿ ಎರಡು, ಹಿರೋಷಿಮಾದಲ್ಲಿ ಒಂದು, ಮತ್ತೆ ಟೋಕಿಯೋ. ನಮಗೆ ಆ ಓಟ ಆಗಿಬರುವಂಥದ್ದಲ್ಲ. ಅಮ್ಮನಿಗೆ ಅರವತ್ತೇಳು, ಜೊತೆಗೆ ಮಂಡಿ ನೋವು. ಊಟಕ್ಕೆ ಅನ್ನ ಸಾರು ಇಲ್ಲದಿದ್ದರೆ ಪ್ರವಾಸವೇ ಬೇಡ ಅನ್ನುವವಳು. ತಮ್ಮ ಒಸಾಕಾದಲ್ಲಿ ಕೆಲಸದಲ್ಲಿದ್ದಾನೆ, ತೆನ್ನೋಜಿ ಸ್ಟೇಷನ್ ಹತ್ತಿರ ಅವನದೊಂದು ಪುಟ್ಟ ಮನೆ ಇದೆ. ನವೆಂಬರಿನ ಮೂರನೇ ವಾರ ಅಲ್ಲೇ ತಳ ಊರಿದೆವು. ಬೆಳಿಗ್ಗೆ ಹೊರಡುವುದು, ರಾತ್ರಿ ಊಟಕ್ಕೆ ಮನೆಗೆ ಬರುವುದು.

ಇದಕ್ಕೆ ಒಸಾಕಾ ಹೇಳಿ ಮಾಡಿಸಿದಂಥ ಊರು. ಇಲ್ಲಿ ರೈಲು ಅಂದರೆ ಬರೀ ಜೆಆರ್, ಅಂದರೆ ಜಪಾನ್ ರೈಲ್ವೇಸ್, ಅಲ್ಲ. ಖಾಸಗಿ ಕಂಪನಿಗಳ ರೈಲುಗಳೇ ನಾಲ್ಕಾರು. ಒಂದೊಂದಕ್ಕೂ ಊರೊಳಗೆ ತನ್ನದೇ ದೊಡ್ಡ ಸ್ಟೇಷನ್, ತನ್ನದೇ ದಿಕ್ಕು. ಉಮೇದಾದಿಂದ ಹಾನ್‌ಕ್ಯೂ ಉತ್ತರಕ್ಕೆ ಮತ್ತು ಪಶ್ಚಿಮಕ್ಕೆ ಹೋಗುತ್ತದೆ. ನಂಬಾದಿಂದ ಕಿನ್‌ತೆತ್ಸು ಪೂರ್ವಕ್ಕೆ, ಅಲ್ಲಿಂದಲೇ ನಾನ್‌ಕಾಯ್ ದಕ್ಷಿಣಕ್ಕೆ. ಯೊದೊಯಾಬಾಶಿಯಿಂದ ಕೇಹಾನ್ ಕ್ಯೋಟೋ ಕಡೆಗೆ. ನೂರು ವರ್ಷಕ್ಕೂ ಹಿಂದೆ ಹಳಿ ಹಾಕಿದ ಈ ಕಂಪನಿಗಳಿಗೆ ಜನ ಬೇಕಿತ್ತು. ಹಾಗಾಗಿ ಹಳಿಯ ತುದಿಯಲ್ಲಿ ಒಂದು ದೇವಸ್ಥಾನವೋ ಜಲಪಾತವೋ ಇರಲೇಬೇಕು. ಇಲ್ಲದಿದ್ದರೆ ಇವರೇ ಏನಾದರೂ ಕಟ್ಟಿ ಇಟ್ಟರು. ಒಸಾಕಾದವರಿಗೆ ಒಂದು ದಿನದ ಪ್ರವಾಸದ ರುಚಿ ಹತ್ತಿಸಿದವರು ಈ ರೈಲಿನವರೇ ಅಂತ ನನ್ನ ಲೆಕ್ಕ.

ಸೋಮವಾರ: ಮಿನೊ

ಮೊದಲ ದಿನವೇ ದೂರ ಬೇಡ ಅಂತ ತಮ್ಮ ಮಿನೊ ಆರಿಸಿದ. ಉಮೇದಾದಿಂದ ಅರ್ಧ ಗಂಟೆ. ಮಧ್ಯೆ ಇಶಿಬಾಶಿಯಲ್ಲಿ ಒಂದು ಸಲ ರೈಲು ಬದಲಿಸಬೇಕು, ಅಷ್ಟೇ.

ಹಾನ್‌ಕ್ಯೂ ಉಮೇದಾ ಸ್ಟೇಷನ್ನನ್ನು ನೋಡಲಿಕ್ಕೆಂದೇ ಒಮ್ಮೆ ಹೋಗಬಹುದು. ಸಾಲಾಗಿ ಪ್ಲಾಟ್‌ಫಾರಂಗಳು, ಎಲ್ಲ ರೈಲುಗಳದ್ದೂ ಒಂದೇ ಬಣ್ಣ: ಪಾಲಿಶ್ ಹಾಕಿ ತಿಕ್ಕಿದ ಕಡುಗಂದು. ಒಳಗೆ ಹಸಿರು ಮಖಮಲ್ಲಿನಂಥ ಸೀಟು. ಕೋಬೆ, ತಕರಾಝುಕಾ, ಕ್ಯೋಟೋ ಕಡೆಯ ಮೂರು ರೈಲುಗಳು ಒಂದೇ ಗಳಿಗೆಗೆ ಹೊರಟು, ಯೊದೊ ನದಿ ದಾಟಿ ಜೂಸೊ ಸ್ಟೇಷನ್ ಸೇರುವ ತನಕ ಅಕ್ಕಪಕ್ಕ ಓಡುತ್ತವೆ. ಅಮ್ಮ ಪಕ್ಕದ ರೈಲಿನ ಕಿಟಕಿಯಲ್ಲಿದ್ದ ಮಗುವಿಗೆ ಕೈ ಬೀಸಿದಳು. ಮಗುವೂ ಬೀಸಿತು. ಜೂಸೊ ಆದಮೇಲೆ ಅದು ಕೋಬೆ ಕಡೆ ತಿರುಗಿ ಹೋಯಿತು.

ಈ ಹಳಿ ಶುರುವಾದದ್ದು 1910ರಲ್ಲಿ. ಆಗ ಈ ಕಡೆಯೆಲ್ಲ ಹೊಲ ಗದ್ದೆ. ಕಂಪನಿಯನ್ನು ನಡೆಸುತ್ತಿದ್ದ ಕೊಬಾಯಾಶಿ ಇಚಿಝೊ ಹಳಿ ಪಕ್ಕದ ಜಾಗ ಕೊಂಡು, ಮನೆ ಕಟ್ಟಿಸಿ, ಸಂಬಳದ ಜನಕ್ಕೆ ಕಂತಿನ ಮೇಲೆ ಮಾರಿದ. ವಾರದ ದಿನಗಳಲ್ಲಿ ಆಫೀಸಿಗೆ ಹೋಗುವವರು ಸಿಕ್ಕಿದರು. ಭಾನುವಾರಕ್ಕೆ? ಅದೇ ವರ್ಷ ಮಿನೊದಲ್ಲಿ ಮೃಗಾಲಯ ತೆರೆದ. ಮರುವರ್ಷ ತಕರಾಝುಕಾದಲ್ಲಿ ಬಿಸಿನೀರಿನ ಸ್ನಾನಗೃಹ. 1914ರಲ್ಲಿ ಅಲ್ಲಿನ ಈಜುಕೊಳವನ್ನೇ ರಂಗಮಂದಿರ ಮಾಡಿ ಹುಡುಗಿಯರ ನಾಟಕ ತಂಡದ ಮೊದಲ ಪ್ರದರ್ಶನ ಮಾಡಿಸಿದ. ಮಿನೊದ ಮೃಗಾಲಯ ಕೆಲವೇ ವರ್ಷದಲ್ಲಿ ಮುಚ್ಚಿತು. ತಕರಾಝುಕಾ ತಂಡ ಇವತ್ತಿಗೂ ಭರ್ತಿ ಮನೆ ನಡೆಸುತ್ತಿದೆ.

ಸ್ಟೇಷನ್ನಿನಿಂದ ಜಲಪಾತಕ್ಕೆ ಮೂರು ಕಿಲೋಮೀಟರಿಗೆ ತುಸು ಕಮ್ಮಿ. ಹೊಳೆಯ ಪಕ್ಕದಲ್ಲೇ ದಾರಿ, ಏರು ಗೊತ್ತೇ ಆಗದಷ್ಟು ಸಣ್ಣದು. ಮೇಪಲ್ ಮರಗಳು ಆಗಷ್ಟೇ ಕೆಂಪು ತಿರುಗುತ್ತಿದ್ದವು. ಕೆಲವು ಪೂರ್ತಿ ಕೆಂಪು, ಕೆಲವು ಇನ್ನೂ ಹಸಿರು ಬಿಟ್ಟುಕೊಟ್ಟಿರಲಿಲ್ಲ. ಅರ್ಧ ದಾರಿಯಲ್ಲಿ ರ್ಯೂಆನ್‌ಜಿ ಅನ್ನುವ ಗುಡಿ. ಇಲ್ಲಿರುವುದು ಬೆಂಝಾಯ್‌ತೆನ್, ಅಂದರೆ ನಮ್ಮ ಸರಸ್ವತಿ. ಬೌದ್ಧರ ಜೊತೆ ಚೀನಾ ದಾಟಿ ಇಲ್ಲಿಗೆ ಬರುವಷ್ಟರಲ್ಲಿ ಕೈಯಲ್ಲಿದ್ದ ವೀಣೆ ಹೋಗಿ ಬಿವಾ ಅನ್ನುವ ಇಲ್ಲಿನ ತಂತಿವಾದ್ಯ ಬಂದಿದೆ. ವಿದ್ಯೆ, ಸಂಗೀತದ ಜೊತೆ ದುಡ್ಡಿನ ಖಾತೆಯನ್ನೂ ಇಲ್ಲಿ ಇವಳೇ ನೋಡಿಕೊಳ್ಳುತ್ತಾಳೆ. ಜಪಾನಿನ ಲಾಟರಿ ಹುಟ್ಟಿದ್ದು ಇದೇ ಗುಡಿಯಲ್ಲಿ ಅಂತಾರೆ.

"ಸರಸ್ವತಿ ಲಾಟರಿ ಮಾರ್ತಾಳಾ?" ಅಂದಳು ಅಮ್ಮ. "ಲಕ್ಷ್ಮಿ ಏನು ಮಾಡ್ತಾಳೆ ಹಾಗಾದ್ರೆ?"

ಲಕ್ಷ್ಮಿಯೂ ಜಪಾನಿನಲ್ಲಿದ್ದಾಳೆ, ಕಿಚಿಜೋತೆನ್ ಅಂತ. ಆದರೆ ಜನ ಅವಳಿಗಿಂತ ಸರಸ್ವತಿಯನ್ನೇ ಹೆಚ್ಚು ಹಚ್ಚಿಕೊಂಡಿದ್ದಾರೆ.

ದಾರಿಯುದ್ದಕ್ಕೂ ಎಲೆ ಬಜ್ಜಿ ಅಂಗಡಿಗಳು. ಹೌದು, ಮೇಪಲ್ ಎಲೆಯ ಬಜ್ಜಿ. ಅಂಗಡಿಯ ಅಜ್ಜಿ ಕರಿಯುವುದನ್ನು ಅಮ್ಮ ನಿಂತು ನೋಡಿಯೇ ನೋಡಿದಳು. ನೆಲದಲ್ಲಿ ಬಿದ್ದದ್ದನ್ನು ಆರಿಸುವುದಿಲ್ಲ. ತಿನ್ನಲಿಕ್ಕೆಂದೇ ಬೆಳೆಸಿದ ಹಳದಿ ಎಲೆ, ಒಂದು ವರ್ಷ ಉಪ್ಪಲ್ಲಿ ಹಾಕಿಟ್ಟಿರುತ್ತಾರೆ. ಉಪ್ಪು ಬಿಡಿಸಿ, ಮೈದಾ, ಸಕ್ಕರೆ, ಎಳ್ಳು ಕಲಸಿದ ಹಿಟ್ಟಿನಲ್ಲಿ ಅದ್ದಿ, ಎಣ್ಣೆಗೆ ಬಿಟ್ಟು, ಉದ್ದ ಕಡ್ಡಿಯಲ್ಲಿ ಎಲೆಯ ಐದೂ ಬೆರಳು ಬಿಡಿಸುತ್ತಾಳೆ. ಸಣ್ಣ ಉರಿಯಲ್ಲಿ ನಿಧಾನಕ್ಕೆ ಬೇಯಬೇಕು. ತಿಂದರೆ ಸಿಹಿ, ಗರಿಗರಿ. ಎಲೆಯ ರುಚಿ ಏನೂ ಇಲ್ಲ, ಆಕಾರ ಮಾತ್ರ ಎಲೆಯದು. ಅಮ್ಮನಿಗೆ ಹಿಡಿಸಿತು. ಎರಡು ಪೊಟ್ಟಣ ಕಟ್ಟಿಸಿಕೊಂಡಳು.

ಜಲಪಾತ 33 ಮೀಟರ್. ಜೋಗ ನೋಡಿದ ಕಣ್ಣಿಗೆ ಅದೇನು ದೊಡ್ಡದಲ್ಲ. ಆದರೆ ಎದುರಿಗೆ ಬೆಂಚು ಹಾಕಿದ್ದಾರೆ, ಸುಮ್ನೆ ಕೂರಬಹುದು. ಕೂತೆವು.

ಮಂಗಳವಾರ: ನಾರಾ, ಸಂಜೆ ಇಕೋಮಾ

ಒಸಾಕಾ-ನಂಬಾದಿಂದ ಕಿನ್‌ತೆತ್ಸುವಿನಲ್ಲಿ ನಾರಾಕ್ಕೆ ನಲವತ್ತು ನಿಮಿಷ, 680 ಯೆನ್. ಸ್ಟೇಷನ್ನಿನ ಮೆಟ್ಟಿಲು ಹತ್ತಿ ಹತ್ತು ನಿಮಿಷ ನಡೆದರೆ ಜಿಂಕೆಗಳು ಎದುರಾಗುತ್ತವೆ. ಸಾವಿರಕ್ಕೂ ಜಾಸ್ತಿ ಇವೆ. ಕಸುಗಾ ಗುಡಿಯ ದೇವರು ಬಿಳಿ ಜಿಂಕೆಯ ಮೇಲೆ ಕೂತು ಬಂದ ಅಂತ ಕಥೆ, ಅದಕ್ಕೆ ಇವುಗಳಿಗೆ ಈ ಮರ್ಯಾದೆ. ಜಿಂಕೆಗೆಂದೇ ಮಾಡಿದ ಬಿಸ್ಕತ್ತು ಮಾರುತ್ತಾರೆ. ಕೆಲವು ಜಿಂಕೆಗಳು ತಲೆ ಬಾಗಿಸಿ ನಮಸ್ಕಾರ ಮಾಡುವುದೂ ನಿಜ. ನಮಸ್ಕಾರ ಮುಗಿದ ಕೂಡಲೇ ಬಿಸ್ಕತ್ತು ಬರದಿದ್ದರೆ ಸೆರಗು ಎಳೆಯುವುದೂ ಅಷ್ಟೇ ನಿಜ. ಅಮ್ಮನ ಚೀಲದಲ್ಲಿ ಚಪಾತಿ ಇದೆ ಅಂತ ಒಂದಕ್ಕೆ ಹೇಗೋ ಗೊತ್ತಾಯಿತು. "ಹೋಗಾಚೆ" ಅಂದಳು ಅಮ್ಮ, ತಿಪಟೂರಿನಲ್ಲಿ ದನ ಓಡಿಸುವ ದನಿಯಲ್ಲೇ. ಹೋಯಿತು.

ತೋದಾಯ್‌ಜಿಯ ದಕ್ಷಿಣದ ಹೆಬ್ಬಾಗಿಲಲ್ಲಿ ಎಂಟು ಮೀಟರಿಗಿಂತ ಎತ್ತರದ ಎರಡು ಮರದ ದ್ವಾರಪಾಲಕರು. ಉನ್‌ಕೆಯ್, ಕಾಯ್‌ಕೆಯ್ ಮತ್ತು ಅವರ ಶಿಷ್ಯರು 1203ರಲ್ಲಿ ಕೆತ್ತಿದ್ದು. ಎರಡನ್ನೂ ಎರಡೂವರೆ ತಿಂಗಳೊಳಗೆ ಮುಗಿಸಿದರಂತೆ. ಒಬ್ಬ ಬಾಯಿ ತೆರೆದಿದ್ದಾನೆ, ಇನ್ನೊಬ್ಬ ಮುಚ್ಚಿದ್ದಾನೆ. ಹೆಚ್ಚಿನವರು ಒಳಗಿನ ದೊಡ್ಡ ಬುದ್ಧನನ್ನು ನೋಡುವ ಅವಸರದಲ್ಲಿ ಇವರನ್ನು ದಾಟಿಹೋಗುತ್ತಾರೆ. ನನಗೆ ಒಳಗಿನವನಿಗಿಂತ ಇವರೇ ಇಷ್ಟವಾದರು. ಕಾಲಿನ ನರ ಉಬ್ಬಿದ್ದು ನೋಡಬೇಕು.

ಒಳಗೆ ಹದಿನೈದು ಮೀಟರ್ ಎತ್ತರದ ಕಂಚಿನ ವೈರೋಚನ ಬುದ್ಧ. ಕಟ್ಟಡ ಎರಡು ಸಲ ಸುಟ್ಟಿದೆ, 1180ರಲ್ಲಿ ಮತ್ತು 1567ರಲ್ಲಿ. ಈಗಿನದು 1709ರದು. ಮೊದಲಿನ ಅಗಲದ ಮೂರನೇ ಎರಡರಷ್ಟೇ ಇದೆ, ಆದರೂ ಕತ್ತು ನೋಯುವಷ್ಟು ದೊಡ್ಡದು. ನಾನು ಅಮ್ಮನಿಗೆ ಬೋಧಿಸೇನನ ಕಥೆ ಹೇಳಿದೆ. ದಕ್ಷಿಣ ಭಾರತದಿಂದ ಹೊರಟ ಭಿಕ್ಷು ಅಂತ ಹಳೆಯ ದಾಖಲೆಗಳು ಹೇಳುತ್ತವೆ. ಚೀನಾದಲ್ಲಿದ್ದವನು 736ರಲ್ಲಿ ಜಪಾನಿಗೆ ಬಂದ. 752ರಲ್ಲಿ ಈ ಬುದ್ಧನಿಗೆ ಕಣ್ಣು ತೆರೆಸುವ ದಿನ ಕುಂಚ ಹಿಡಿದವನು ಅವನೇ. ಕುಂಚಕ್ಕೆ ಉದ್ದನೆಯ ದಾರ ಕಟ್ಟಿದ್ದರು. ಅದನ್ನು ಕೆಳಗೆ ನೆರೆದಿದ್ದವರು ಹಿಡಿದುಕೊಂಡರು, ಪುಣ್ಯ ಎಲ್ಲರಿಗೂ ಸಿಗಲಿ ಅಂತ. ಆ ಕುಂಚ, ಆ ದಾರ ಎರಡೂ ಪಕ್ಕದ ಶೋಸೋಯಿನ್ ಖಜಾನೆಯಲ್ಲಿ ಇನ್ನೂ ಇವೆ.

"ಹಡಗಲ್ಲಿ ಬಂದನಾ?"

"ಹೂಂ."

"ಊಟಕ್ಕೇನು ಮಾಡಿದನೋ ಪಾಪ," ಅಂದಳು. ಅವಳ ಚಿಂತೆ ಅವಳಿಗೆ. ಇಲ್ಲಿ ಬರೀ ತರಕಾರಿ ಅಂತ ಕಾಣುವ ಸಾರಿನಲ್ಲೂ ಒಣಗಿದ ಮೀನಿನ ಪುಡಿ ಕುದಿಸಿರುತ್ತಾರೆ. ಹಾಗಾಗಿ ನಮ್ಮ ಮಧ್ಯಾಹ್ನದ ಊಟ ದಿನಾ ಚೀಲದಲ್ಲೇ ಬರುತ್ತಿತ್ತು. ತಮ್ಮನ ರೈಸ್ ಕುಕ್ಕರಿನಲ್ಲಿ ಮಾಡಿದ ಚಿತ್ರಾನ್ನ, ಇಲ್ಲವೇ ಚಪಾತಿ ಚಟ್ನಿಪುಡಿ.

ಎರಡೂವರೆಗೆ ನಾರಾ ಬಿಟ್ಟೆವು. ನವೆಂಬರಿನಲ್ಲಿ ಐದು ಗಂಟೆಗೆ ಮೊದಲೇ ಸೂರ್ಯ ಮುಳುಗುತ್ತಾನೆ. ಹಿಂದೆ ಬರುವ ದಾರಿಯಲ್ಲೇ ಇಕೋಮಾ. ಇಲ್ಲಿ ಇಳಿಯಬೇಕು ಅಂತ ಹಟ ಮಾಡಿದ್ದು ನಾನು. ಕಾರಣ, ಇಲ್ಲಿನ ಹೋಝಾನ್‌ಜಿಯಲ್ಲಿ ಗಣಪತಿ ಇದ್ದಾನೆ.

ಸ್ಟೇಷನ್ ಎದುರಿಂದ ಕೇಬಲ್ ರೈಲು. 1918ರದು, ಜಪಾನಿನಲ್ಲಿ ಇದೇ ಮೊದಲನೆಯದು. ಈಗಿನ ಬೋಗಿಗಳಲ್ಲಿ ಒಂದಕ್ಕೆ ನಾಯಿಯ ಮುಖ, ಇನ್ನೊಂದಕ್ಕೆ ಬೆಕ್ಕಿನ ಮುಖ. ನಮಗೆ ಬೆಕ್ಕು ಸಿಕ್ಕಿತು. ಐದು ನಿಮಿಷ ಹತ್ತಿ ಇಳಿದರೆ ಹಳೆಯ ವಸತಿಗೃಹಗಳ ನಡುವೆ ಕಲ್ಲು ಮೆಟ್ಟಿಲು. ಅಮ್ಮ ನಿಂತು ನಿಂತು ಹತ್ತಿದಳು. ಜಪಾನಿನ ಗಣಪತಿಯ ಹೆಸರು ಕಾಂಗಿತೆನ್. ಸಾಮಾನ್ಯವಾಗಿ ಆನೆ ಮುಖದ ಜೋಡಿ, ಒಬ್ಬರನ್ನೊಬ್ಬರು ತಬ್ಬಿಕೊಂಡು ನಿಂತಿರುವ ರೂಪ. ಮೂರ್ತಿಯನ್ನು ಮಾತ್ರ ಯಾರಿಗೂ ತೋರಿಸುವುದಿಲ್ಲ. ಒಸಾಕಾದ ವ್ಯಾಪಾರಿಗಳಿಗೆ ಇವನೆಂದರೆ ಬಹಳ ಭಯಭಕ್ತಿ. ಅದಕ್ಕೇ ಗುಡಿಯಲ್ಲಿ ಎಲ್ಲಿ ನೋಡಿದರೂ ದುಡ್ಡಿನ ಚೀಲದ ಗುರುತು.

ಈ ರೈಲಿಗೂ ಗಣಪತಿಗೂ ಒಂದು ಸಾಲದ ಸಂಬಂಧ ಇದೆ. ಕಿನ್‌ತೆತ್ಸುವಿನ ಹಿಂದಿನ ಕಂಪನಿ ಒಸಾಕಾ–ನಾರಾ ಹಳಿಗಾಗಿ ಇಕೋಮಾ ಬೆಟ್ಟವನ್ನು ಮೂರು ಕಿಲೋಮೀಟರಿಗಿಂತ ಜಾಸ್ತಿ ಕೊರೆಯಿತು. 1914ರಲ್ಲಿ ರೈಲು ಓಡಿತು, ಆದರೆ ಕೈಯಲ್ಲಿ ಕಾಸಿಲ್ಲ. ಸಂಬಳ ಕೊಡಲಿಕ್ಕೂ ದಿಕ್ಕಿಲ್ಲದೆ ಹೋಝಾನ್‌ಜಿಗೆ ಹೋಗಿ, ಹುಂಡಿ ದುಡ್ಡು ಸಾಲ ತಂದು ಸುಧಾರಿಸಿಕೊಂಡರಂತೆ. ಈಗ ರೈಲು ಹೋಗುವುದು ಪಕ್ಕದಲ್ಲೇ 1964ರಲ್ಲಿ ಕೊರೆದ ಹೊಸ ಸುರಂಗದಲ್ಲಿ.

ಮುಚ್ಚಿದ ಬಾಗಿಲ ಮುಂದೆ ಅಮ್ಮ ಎರಡೂ ಮುಷ್ಟಿಯಿಂದ ಹಣೆಗೆ ಕುಟ್ಟಿಕೊಂಡಳು. ಬಸ್ಕಿ ಹೊಡೆಯಲು ಮಂಡಿ ಬಿಡಲಿಲ್ಲ. ಪಕ್ಕದಲ್ಲಿ ಕೈಮುಗಿದು ನಿಂತಿದ್ದ ಒಬ್ಬ ಮುದುಕ ಇವಳನ್ನು ನೋಡಿ, ಸ್ವಲ್ಪ ಯೋಚಿಸಿ, ತಾನೂ ಹಣೆಗೆ ಕುಟ್ಟಿಕೊಂಡ.

ಬುಧವಾರ

ಮಳೆ. ಬಟ್ಟೆ ಒಗೆದು ಮನೆಯೊಳಗೇ ಹರವಿದೆವು. ಸಂಜೆ ಉಮೇದಾದ ಹಾನ್‌ಕ್ಯೂ ಮಳಿಗೆಗೆ ಹೋಗಿಬಂದೆವು. ರೈಲು ಕಂಪನಿಯೇ ಸ್ಟೇಷನ್ನಿಗೆ ಅಂಟಿಸಿ 1929ರಲ್ಲಿ ಶುರು ಮಾಡಿದ ಅಂಗಡಿ ಇದು. ಆಮೇಲೆ ಬಂದ ಆರ್ಥಿಕ ಮುಗ್ಗಟ್ಟಿನಲ್ಲಿ ಜನ ಮೇಲಿನ ಹೋಟೆಲಿಗೆ ಬಂದು ಬರೀ ಅನ್ನ ತೆಗೆದುಕೊಂಡು, ಮೇಜಿನ ಮೇಲಿದ್ದ ಸಾಸ್ ಸುರಿದುಕೊಂಡು ತಿನ್ನುತ್ತಿದ್ದರಂತೆ. ಕೊಬಾಯಾಶಿ ಅವರನ್ನು ಓಡಿಸಲಿಲ್ಲ, ಬನ್ನಿ ಅಂತ ಕರೆದು ಉಪ್ಪಿನಕಾಯಿಯನ್ನೂ ಹಾಕಿಸಿದ. ಇವತ್ತು ಬಡವರು, ನಾಳೆ ಮಕ್ಕಳನ್ನು ಕರೆದುಕೊಂಡು ಬರುತ್ತಾರೆ ಅನ್ನುವುದು ಅವನ ಲೆಕ್ಕ. ನೆಲಮಾಳಿಗೆಯ ತಿಂಡಿ ಅಂಗಡಿಗಳಲ್ಲಿ ನಮಗೆ ಸಿಕ್ಕಿದ್ದು ಬೇಯಿಸಿದ ಗೆಣಸು.

ಗುರುವಾರ: ಕೋಯಾಸಾನ್

ಬೇರೆಲ್ಲ ಬಿಟ್ಟು ಒಂದೇ ಊರಿಗೆ ಹೋಗಲು ಸಮಯ ಇದೆ ಅನ್ನುವವರಿಗೆ ನಾನು ಹೇಳುವುದು ಇದನ್ನೇ.

ನಾನ್‌ಕಾಯ್‌ನ ನಂಬಾ ಸ್ಟೇಷನ್ನಿನಿಂದ ಏಳು ಗಂಟೆಗೆ ಹೊರಟೆವು. ಹಾಶಿಮೊತೊ ತನಕ ಊರು, ಗದ್ದೆ, ಕಾಕಿ ಹಣ್ಣಿನ ತೋಟ. ಆಮೇಲೆ ರೈಲು ಬದಲಿಸಿದರೆ ಘಟ್ಟ. ಸಣ್ಣ ಸಣ್ಣ ಸುರಂಗ, ಚಕ್ರ ಕಿರುಗುಟ್ಟುವ ತಿರುವುಗಳು, ಕಿಟಕಿಗೆ ತಾಗುವಷ್ಟು ಹತ್ತಿರ ಮರಗಳು. ಸಕಲೇಶಪುರದಿಂದ ಸುಬ್ರಹ್ಮಣ್ಯದ ಕಡೆ ರೈಲಿನಲ್ಲಿ ಇಳಿದವರಿಗೆ ಈ ಶಬ್ದ ಗೊತ್ತು. ಕೊನೆಯ ಸ್ಟೇಷನ್ ಗೊಕುರಾಕುಬಾಶಿ. ಅಲ್ಲಿಂದ ಕೆಂಪು ಕೇಬಲ್ ರೈಲು, ಐದೇ ನಿಮಿಷದಲ್ಲಿ ಮುನ್ನೂರು ಮೀಟರಿಗೂ ಜಾಸ್ತಿ ಮೇಲಕ್ಕೆ. ಮೇಲೆ ಇಳಿದಾಗ ಉಸಿರು ಹೊಗೆಯಾಗುತ್ತಿತ್ತು. ಅಮ್ಮ ಸ್ವೆಟರಿನ ಮೇಲೆ ಶಾಲು, ಶಾಲಿನ ಮೇಲೆ ತಮ್ಮನ ಜಾಕೆಟ್ಟು ಹಾಕಿಕೊಂಡಳು.

ಸ್ಟೇಷನ್ನಿನಿಂದ ಊರಿಗೆ ಬಸ್ಸಿನಲ್ಲೇ ಹೋಗಬೇಕು, ಆ ರಸ್ತೆಯಲ್ಲಿ ನಡೆಯಲು ಬಿಡುವುದಿಲ್ಲ. ಮೊದಲು ಸಿಗುವುದು ನ್ಯೋನಿನ್‌ದೊ, ಹೆಂಗಸರ ಮಂಟಪ. ಹಿಂದೆ ಹೆಂಗಸರು ಬರಬಹುದಾಗಿದ್ದು ಇಲ್ಲಿಯ ತನಕ ಮಾತ್ರ. ಮೇಲಿನ ಕ್ಷೇತ್ರಕ್ಕೆ ಪ್ರವೇಶ ಇರಲಿಲ್ಲ. ಇಲ್ಲೇ ರಾತ್ರಿ ಕಳೆದು, ಬೆಟ್ಟದ ಅಂಚಿನ ಕಾಲುದಾರಿಯಲ್ಲಿ ಸುತ್ತು ಬಂದು, ದೂರದಿಂದಲೇ ಕೈಮುಗಿಯುತ್ತಿದ್ದರು. ನಿಷೇಧ ತೆಗೆಯಲು ಸರ್ಕಾರ ಆಜ್ಞೆ ಹೊರಡಿಸಿದ್ದು 1872ರಲ್ಲಿ. "ಇಲ್ಲೂ ಅದೇ ಕಥೆಯಾ?" ಅಂತ ಕೇಳಿ ಅಮ್ಮ ಕಿಟಕಿಯಾಚೆ ನೋಡಿದಳು. ನಮ್ಮ ಬಸ್ಸು ಅಲ್ಲಿ ಅರ್ಧ ನಿಮಿಷವೂ ನಿಲ್ಲಲಿಲ್ಲ.

ಕೋಯಾಸಾನ್ ಕೂಕಾಯ್ ಅನ್ನುವ ಬೌದ್ಧ ಭಿಕ್ಷು ಕಟ್ಟಿದ ಊರು. 774ರಲ್ಲಿ ಹುಟ್ಟಿದವನು. 804ರಲ್ಲಿ ಚೀನಾಕ್ಕೆ ಹಡಗು ಹತ್ತಿ, ಚಾಂಗಾನ್ ನಗರದಲ್ಲಿ ಗುರು ಹುಯ್‌ಗುವೊ ಹತ್ತಿರ ಮಂತ್ರಯಾನ ಕಲಿತ. ಪ್ರಜ್ಞ ಅನ್ನುವ ಪಂಡಿತನಲ್ಲಿ ಸಂಸ್ಕೃತ ಕಲಿತ. 816ರಲ್ಲಿ ಚಕ್ರವರ್ತಿ ಈ ಬೆಟ್ಟವನ್ನು ಅವನಿಗೆ ಬಿಟ್ಟುಕೊಟ್ಟ. ಈಗ ಇಲ್ಲಿ ನೂರಕ್ಕೂ ಜಾಸ್ತಿ ಮಠಗಳಿವೆ. ಅವುಗಳಲ್ಲಿ ಐವತ್ತರಷ್ಟು ಕಡೆ ರಾತ್ರಿ ತಂಗಬಹುದು. ಹೋಮ ದಿನಾ ನಡೆಯುತ್ತದೆ, ಅದನ್ನು ಗೊಮಾ ಅಂತಾರೆ. ಕಟ್ಟಿಗೆಯ ಮೇಲೆ ಕೋರಿಕೆ ಬರೆದುಕೊಟ್ಟರೆ ಬೆಂಕಿಗೆ ಹಾಕುತ್ತಾರೆ.

ಗಾರಾನ್ ಅನ್ನುವ ಗುಡಿಗಳ ಅಂಗಳದಲ್ಲಿ, ಕೇಸರಿ ಬಣ್ಣದ ದೊಡ್ಡ ಪಗೋಡದ ಹತ್ತಿರ, ಬೇಲಿ ಹಾಕಿದ ಒಂದು ಪೈನ್ ಮರ. ಕೂಕಾಯ್ ಚೀನಾದ ದಡದಲ್ಲಿ ನಿಂತು, ಎಲ್ಲಿ ಮಠ ಕಟ್ಟಲಿ ಅಂತ ಕೇಳಿ ಮೂರು ಮೊನೆಯ ವಜ್ರಾಯುಧವನ್ನು ಜಪಾನಿನ ಕಡೆ ಎಸೆದನಂತೆ. ಅದು ಬಂದು ಸಿಕ್ಕಿಕೊಂಡಿದ್ದು ಈ ಮರದಲ್ಲಿ. ಮಾಮೂಲಿ ಪೈನ್ ಎಲೆ ಸೂಜಿಗಳು ಎರಡೆರಡು ಜೋಡಿ. ಈ ಮರದಲ್ಲಿ ಮೂರು ಸೂಜಿಯ ಎಲೆಗಳಿರುತ್ತವೆ. ಉದುರಿದ್ದು ಸಿಕ್ಕಿದರೆ ಅದೃಷ್ಟ, ಪರ್ಸಿನಲ್ಲಿಟ್ಟುಕೊಳ್ಳುತ್ತಾರೆ. ನಾವು ಹೋದಾಗ ಬೇಲಿಯ ಸುತ್ತ ಏಳೆಂಟು ಜನ, ಸೂಟು ಹಾಕಿದ ಇಬ್ಬರೂ ಸೇರಿ, ಕುಕ್ಕರುಗಾಲಲ್ಲಿ ಕೂತು ನೆಲ ಕೆದಕುತ್ತಿದ್ದರು. ಅಮ್ಮ ಮಂಡಿ ನೋವು ಮರೆತು ಕೂತಳು. ಒಂದೊಂದೇ ಎಲೆ ಎತ್ತಿ ಕನ್ನಡಕದ ಹತ್ತಿರ ಹಿಡಿದು, ಉಗುರಿನಿಂದ ಬಿಡಿಸಿ ಎಣಿಸುವುದು. ಎರಡು. ಎರಡು. ಎರಡು. ಅಕ್ಕಿ ಆರಿಸಿದ ಕೈ, ಬೇಗ ಸೋಲುವುದಿಲ್ಲ. ಹತ್ತು ನಿಮಿಷದ ಮೇಲೆ "ಬಾರೇ ಇಲ್ಲಿ" ಅಂತ ಕೂಗಿದಳು. ಮೂರು. ಬುಡದಲ್ಲಿ ಕಂದು ಕವಚ, ಅದರಿಂದ ಮೂರು ಕಡ್ಡಿ. ಸೂಟಿನವರು ಎದ್ದು ಬಂದು ನೋಡಿ, ಓ ಅಂದು, ತಲೆಬಾಗಿ, ಮತ್ತೆ ಹೋಗಿ ಹುಡುಕಲು ಕೂತರು.

ಊಟ ಇಲ್ಲಿ ಚೀಲದಿಂದ ತೆಗೆಯಲಿಲ್ಲ. ಮಠದ ಅಡುಗೆ, ಶೋಜಿನ್ ರ್ಯೋರಿ. ಮಾಂಸ ಮೀನು ಇಲ್ಲ, ಈರುಳ್ಳಿ ಬೆಳ್ಳುಳ್ಳಿಯೂ ಇಲ್ಲ. ಸಾರಿಗೆ ಸಮುದ್ರದ ಕೊಂಬು ಸೊಪ್ಪು, ಒಣ ಅಣಬೆ. ಚಿಕ್ಕ ಚಿಕ್ಕ ಬಟ್ಟಲಲ್ಲಿ ಹತ್ತು ಬಗೆ. ಕೋಯಾ ತೋಫು ಅಂತ ಒಂದು, ಈ ಬೆಟ್ಟದ ಚಳಿಯಲ್ಲೇ ಹೆಪ್ಪುಗಟ್ಟಿಸಿ ಒಣಗಿಸಲು ಕಲಿತದ್ದು. ಹಿಂಡಿದರೆ ಸಾರು ಬಿಡುತ್ತದೆ. ಗೊಮಾ ದೋಫು ಅಂದರೆ ಎಳ್ಳು ಅರೆದು, ಕುಝು ಗೆಡ್ಡೆಯ ಹಿಟ್ಟು ಹಾಕಿ ಮಗುಚಿ ಮಗುಚಿ ಗಟ್ಟಿ ಮಾಡಿದ್ದು. ಬಾಯಿಗಿಟ್ಟರೆ ಬೆಲ್ಲ ಹಾಕದ ಹಾಲುಬಾಯಿ. ಅಮ್ಮ ನನ್ನದನ್ನೂ ತಿಂದಳು. "ಆ ಬೋಧಿಸೇನ ಇಲ್ಲಿಗೆ ಬಂದಿದ್ರೆ ಚೆನ್ನಾಗಿತ್ತು," ಅಂದಳು. ಅವನು ತೀರಿಕೊಂಡು ಅರ್ಧ ಶತಮಾನ ಆದಮೇಲೆ ಈ ಊರು ಹುಟ್ಟಿದ್ದು ಅಂದೆ. "ಗೊತ್ತು ಕಣೇ, ಸುಮ್ನೆ ಹೇಳಿದೆ."

ಮಧ್ಯಾಹ್ನ ಓಕುನೊಯಿನ್. ಎರಡು ಕಿಲೋಮೀಟರ್ ದಾರಿ, ಎರಡೂ ಕಡೆ ಮುಗಿಲೆತ್ತರದ ಸೀಡರ್ ಮರಗಳು, ಅವುಗಳ ಕೆಳಗೆ ಎರಡು ಲಕ್ಷಕ್ಕೂ ಜಾಸ್ತಿ ಸಮಾಧಿ, ಸ್ಮಾರಕ. ಹದಿನಾರನೇ ಶತಮಾನದ ಸೇನಾನಾಯಕ ಓದಾ ನೊಬುನಾಗಾ ಇಲ್ಲಿದ್ದಾನೆ, ಅವನಿಗೆ ದ್ರೋಹ ಮಾಡಿದ ಅಕೆಚಿ ಮಿತ್ಸುಹಿದೆಯೂ ಇದ್ದಾನೆ. ಬದುಕಿಡೀ ಕಾದಾಡಿದ ತಾಕೆದಾ ಶಿಂಗೆನ್, ಉಎಸುಗಿ ಕೆನ್‌ಶಿನ್ ಇಬ್ಬರೂ ದಾರಿಯ ಆಚೆ ಈಚೆ. ಹೊಸ ಭಾಗದಲ್ಲಿ ಕಂಪನಿಗಳ ಸ್ಮಾರಕಗಳು: ವಿಮಾನದ ಭಾಗ ಮಾಡುವವರದ್ದು ರಾಕೆಟ್ ಆಕಾರ, ಕಾಫಿ ಕಂಪನಿಯದ್ದು ಕಲ್ಲಿನ ಕಪ್ಪು. ಗೆದ್ದಲಿಗೆ ಔಷಧಿ ಹೊಡೆಯುವವರ ಸಂಘ ತಾವು ಕೊಂದ ಗೆದ್ದಲುಗಳಿಗೇ ಒಂದು ಕಲ್ಲು ನಿಲ್ಲಿಸಿದೆ, ನೆಮ್ಮದಿಯಾಗಿ ಮಲಗಿ ಅಂತ. ಅಮ್ಮ ಇದಕ್ಕೆ ನಗಲಿಲ್ಲ. "ಒಳ್ಳೇ ಜನ," ಅಂದಳು.

ಹಳೆಯ ಸಮಾಧಿಗಳೆಲ್ಲ ಒಂದೇ ಬಗೆ. ಕೆಳಗೆ ಚೌಕ, ಅದರ ಮೇಲೆ ಗುಂಡು, ಮೇಲೆ ತ್ರಿಕೋನದ ಚಾವಣಿ, ಅರ್ಧಚಂದ್ರ, ತುದಿಗೊಂದು ಮೊಗ್ಗು. ಮಣ್ಣು, ನೀರು, ಬೆಂಕಿ, ಗಾಳಿ, ಆಕಾಶ: ಪಂಚಭೂತಗಳು. ಒಂದೊಂದರ ಮೇಲೂ ಸಿದ್ಧಂ ಲಿಪಿಯಲ್ಲಿ ಒಂದಕ್ಷರ. ಕೆಳಗಿನಿಂದ ಅ, ವ, ರ, ಹ, ಖ. ಆ ಲಿಪಿಗೂ ನಮ್ಮ ಕನ್ನಡ ಲಿಪಿಗೂ ಮೂಲ ಬ್ರಾಹ್ಮಿಯೇ. ಆದರೂ ನನಗೆ ಒಂದೂ ಓದಲು ಬರಲಿಲ್ಲ. ಪಾಚಿ ಕಟ್ಟಿದ ಗೆರೆಗಳ ಮೇಲೆ ಬೆರಳಾಡಿಸಿದೆ, ಅಷ್ಟೇ.

ಕೊನೆಯ ಸೇತುವೆ ದಾಟಿದ ಮೇಲೆ ಫೋಟೋ ತೆಗೆಯುವ ಹಾಗಿಲ್ಲ. ಟೋಪಿ ತೆಗೆಯಬೇಕು. ದೀಪಗಳ ಮಂಟಪದ ಹಿಂದೆ ಕೂಕಾಯ್‌ನ ಗವಿ. ಇಲ್ಲಿನವರ ನಂಬಿಕೆಯಲ್ಲಿ ಅವನು ಸತ್ತಿಲ್ಲ, 835ರಿಂದ ಧ್ಯಾನಕ್ಕೆ ಕೂತಿದ್ದಾನೆ. ದಿನಕ್ಕೆ ಎರಡು ಹೊತ್ತು, ಬೆಳಿಗ್ಗೆ ಆರಕ್ಕೆ ಮತ್ತು ಹತ್ತೂವರೆಗೆ, ಮರದ ಪೆಟ್ಟಿಗೆಯಲ್ಲಿ ಅವನಿಗೆ ಬಿಸಿ ಊಟ ಹೊತ್ತು ತರುತ್ತಾರೆ. ಮಂತ್ರಾಲಯದ ಬೃಂದಾವನದ ಮುಂದೆ ನಿಂತ ಅಮ್ಮನಿಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಿರಲಿಲ್ಲ. ಪ್ರದಕ್ಷಿಣೆ ಎಲ್ಲಿಂದ ಅಂತ ಮಾತ್ರ ಕೇಳಿದಳು.

ಕತ್ತಲಾಗುವ ಮೊದಲೇ ಬಸ್ಸು ಹಿಡಿಯಬೇಕಿತ್ತು, ಹಿಡಿದೆವು. ಮನೆ ತಲುಪಿದಾಗ ಎಂಟು ಗಂಟೆ. ತಮ್ಮ ಸಾರು ಮಾಡಿಟ್ಟಿದ್ದ.

ಶುಕ್ರವಾರ: ಹಿಮೇಜಿ

ಒಸಾಕಾ ಸ್ಟೇಷನ್ನಿನಿಂದ ಜೆಆರ್‌ನ ವಿಶೇಷ ವೇಗದ ರೈಲು, ಹೆಚ್ಚಿನ ದುಡ್ಡಿಲ್ಲ, ಒಂದು ಗಂಟೆ. ಶಿಂಕಾನ್ಸೆನ್, ಅಂದರೆ ಬುಲೆಟ್ ರೈಲು, ಇದರ ಅರ್ಧ ಹೊತ್ತಿಗೆ ತಲುಪಿಸಿಬಿಡುತ್ತದೆ. ಆದರೆ ಅದು ಸುರಂಗದಲ್ಲಿ ಜಾಸ್ತಿ ಓಡುತ್ತದೆ, ಸಮುದ್ರ ಸಿಗುವುದಿಲ್ಲ. ಈ ರೈಲಿನ ಸೀಟಿನ ಬೆನ್ನನ್ನು ದೂಡಿದರೆ ಅದು ಆ ಕಡೆಯಿಂದ ಈ ಕಡೆಗೆ ಬೀಳುತ್ತದೆ. ಹೋಗುವ ದಿಕ್ಕಿಗೆ ಮುಖ ಮಾಡಿ ಕೂರಬಹುದು. ಎಡಗಡೆ ಕೂರಿ. ಸುಮಾ ದಾಟಿದ ಮೇಲೆ ನೀರು ಪಕ್ಕಕ್ಕೇ ಬರುತ್ತದೆ. ಆಮೇಲೆ ಆಕಾಶಿ ಸೇತುವೆಯ ಅಡಿಯಲ್ಲೇ ರೈಲು ನುಗ್ಗುತ್ತದೆ. 1998ರಲ್ಲಿ ತೆರೆದದ್ದು, ನಡುವಿನ ಎರಡು ಕಂಬಗಳ ಅಂತರವೇ 1,991 ಮೀಟರ್. ಅದು ಮೊದಲು ಅಷ್ಟಿರಲಿಲ್ಲ. ಕಟ್ಟುತ್ತಿದ್ದಾಗ 1995ರ ಜನವರಿ 17ರ ಭೂಕಂಪ ಬಂದು, ನೆಲ ಸರಿದು, ಅಂತರ ಒಂದು ಮೀಟರಿನಷ್ಟು ಹೆಚ್ಚಿತು. ಅದಕ್ಕೆ ತಕ್ಕಂತೆ ನಕ್ಷೆ ತಿದ್ದಿ ಕೆಲಸ ಮುಂದುವರಿಸಿದರು. ಅದೇ ಭೂಕಂಪದಲ್ಲಿ ಕೋಬೆ ಸುತ್ತಮುತ್ತ ಆರು ಸಾವಿರಕ್ಕೂ ಜಾಸ್ತಿ ಜನ ಸತ್ತರು.

ಆಕಾಶಿಯಲ್ಲಿ ಬಲಗಡೆ ಗಡಿಯಾರ ಇಟ್ಟ ಗೋಪುರ. 135 ಡಿಗ್ರಿ ರೇಖಾಂಶ ಇಲ್ಲಿಯೇ ಹಾದುಹೋಗುತ್ತದೆ, ಜಪಾನಿನ ಗಡಿಯಾರಗಳೆಲ್ಲ ಇದರ ಲೆಕ್ಕಕ್ಕೆ. ನಮ್ಮದು ಮಿರ್ಜಾಪುರದ ಹತ್ತಿರ ಹಾಯುವ 82.5ರ ಲೆಕ್ಕಕ್ಕೆ. ನಡುವೆ ಮೂರೂವರೆ ಗಂಟೆ. ಅಮ್ಮ ಕೈಗಡಿಯಾರವನ್ನು ಇನ್ನೂ ತಿಪಟೂರಿನ ಹೊತ್ತಿಗೇ ಇಟ್ಟುಕೊಂಡಿದ್ದಳು, ಅಪ್ಪನಿಗೆ ಫೋನು ಮಾಡಲು ಸುಲಭ ಅಂತ.

ಹಿಮೇಜಿ ಸ್ಟೇಷನ್ನಿನಿಂದ ಹೊರಬಂದರೆ ರಸ್ತೆಯ ಆ ತುದಿಯಲ್ಲೇ ಬೆಳ್ಳಗೆ ಕೋಟೆ ಕಾಣುತ್ತದೆ. ಇಕೆದಾ ತೆರುಮಾಸಾ 1609ರಲ್ಲಿ ಮುಗಿಸಿದ್ದು. 1945ರಲ್ಲಿ ಊರೆಲ್ಲ ಬಾಂಬಿಗೆ ಸುಟ್ಟಾಗ ಕೋಟೆಯ ಮೇಲೂ ಒಂದು ಬಿತ್ತು, ಸಿಡಿಯಲಿಲ್ಲ. 1993ರಲ್ಲಿ ವಿಶ್ವ ಪರಂಪರೆಯ ಪಟ್ಟಿ ಸೇರಿತು. ಒಳಗೆ ಚಪ್ಪಲಿ ಬಿಚ್ಚಿ ಪ್ಲಾಸ್ಟಿಕ್ ಚೀಲದಲ್ಲಿ ಕೈಯಲ್ಲೇ ಹಿಡಿದುಕೊಳ್ಳಬೇಕು. ಆರು ಅಂತಸ್ತು, ಏಣಿಯಷ್ಟೇ ಕಡಿದಾದ ಮೆಟ್ಟಿಲು. ಒಳಗೆ ಮರದ ಕಂಬ, ಬಂದೂಕು ತೂಗುವ ಗೂಟ ಬಿಟ್ಟರೆ ಜಾಸ್ತಿ ಏನೂ ಇಲ್ಲ. ಅಮ್ಮ ಎರಡನೇ ಅಂತಸ್ತಿಗೇ "ನೀನು ಹೋಗಿ ಬಾ" ಅಂದಳು. ತುದಿಯಲ್ಲಿ ಒಂದು ಪುಟ್ಟ ಗುಡಿ, ನಾಲ್ಕೂ ಕಡೆ ಕಿಟಕಿ. ಹೊರಗಿನಿಂದ ನೋಡುವ ಚೆಲುವು ಒಳಗಿಲ್ಲ. ಮಂಡಿ ನೋವಿರುವವರು ಕೆಳಗೇ ಅಡ್ಡಾಡಿದರೆ ಕಳೆದುಕೊಳ್ಳುವುದೇನಿಲ್ಲ.

ಅಮ್ಮನಿಗೆ ಕೋಟೆಗಿಂತ ಹಿಡಿಸಿದ್ದು ಗೋಡೆಯಲ್ಲಿ ಸಿಕ್ಕಿಸಿದ್ದ ಒಂದು ಬೀಸುವ ಕಲ್ಲು. ತಂತಿ ಬಲೆ ಹೊದಿಸಿದ್ದಾರೆ. ತೆರುಮಾಸಾನಿಗಿಂತ ಮುಂಚೆ ಹಿದೆಯೋಶಿ ಅನ್ನುವ ಸೇನಾನಾಯಕ ಇಲ್ಲಿ ಕೋಟೆ ಕಟ್ಟಿಸುವಾಗ ಕಲ್ಲು ಸಾಲದಾಯಿತಂತೆ. ಅಕ್ಕಿ ಕಡುಬು ಮಾರಿ ಬದುಕುತ್ತಿದ್ದ ಬಡ ಮುದುಕಿಯೊಬ್ಬಳು ತನ್ನ ಬೀಸುಕಲ್ಲನ್ನೇ ಕೊಟ್ಟಳು. ಸುದ್ದಿ ಹಬ್ಬಿ ಊರವರೆಲ್ಲ ಕಲ್ಲು ಹೊತ್ತು ತಂದರು. "ಅವಳು ಆಮೇಲೆ ಹಿಟ್ಟು ಎಲ್ಲಿ ಬೀಸಿದಳು?" ಕಥೆ ಅದನ್ನು ಹೇಳುವುದಿಲ್ಲ.

ವಾಪಸ್ ಬರುವಾಗ ಕೋಬೆಯ ಸಾನ್ನೊಮಿಯಾದಲ್ಲಿ ಇಳಿದೆವು. ಕಿತಾನೊ ಗುಡ್ಡದ ಕಡೆ ಜೈನ ಬಸದಿ ಇದೆ, ಅಮೃತಶಿಲೆಯದು, 1985ರಲ್ಲಿ ಕಟ್ಟಿದ್ದು. 1923ರ ಭೂಕಂಪದಲ್ಲಿ ಯೊಕೊಹಾಮಾ ನೆಲಸಮವಾದಾಗ ಅಲ್ಲಿದ್ದ ಭಾರತದ ವ್ಯಾಪಾರಿಗಳು ಬಹಳಷ್ಟು ಜನ ಕೋಬೆಗೆ ಬಂದರು. ಹಾಗಾಗಿ ಇಲ್ಲಿ ಹೊರಗೆ ಊಟ ಮಾಡಲು ತೊಂದರೆ ಇಲ್ಲ. ಅಮ್ಮ ಪೂರಿ ತಿಂದಳು. ಚೆನ್ನಾಗಿತ್ತು, ಆದರೆ ಕೋಯಾಸಾನ್ ಊಟದ ಮುಂದೆ ಏನಿಲ್ಲ ಅಂದಳು.

ಶನಿವಾರ: ಉಜಿ

ತಮ್ಮನಿಗೆ ರಜೆ. ಯೊದೊಯಾಬಾಶಿಯಿಂದ ಕೇಹಾನ್, ಚೂಶೋಜಿಮಾದಲ್ಲಿ ಬದಲಿ. ರೈಲು ತುಂಬಿ ತುಳುಕುತ್ತಿತ್ತು. ಎಲೆ ಕೆಂಪಾಗುವ ಕಾಲದ ಶನಿವಾರ ಹೊರಗೆ ಹೊರಡಬಾರದು, ಹೊರಟರೆ ಗೊಣಗಬಾರದು.

10 ಯೆನ್ ನಾಣ್ಯದ ಮೇಲಿರುವ ಕಟ್ಟಡ ಉಜಿಯ ಬ್ಯೋದೋಯಿನ್. 1053ರ ಮಂಟಪ, ಎದುರಿನ ಕೊಳದಲ್ಲಿ ಅದರ ಬಿಂಬ. ಅಮ್ಮ ನಾಣ್ಯ ಹಿಡಿದು ಒಂದೊಂದೇ ಕಂಬ ತಾಳೆ ನೋಡಿದಳು. ಒಳಗೆ ಹೋಗಲು ಬೇರೆ ಸರದಿ ಇತ್ತು, ಬಿಟ್ಟೆವು. ಸೇತುವೆಯ ಪಕ್ಕ 1160ರಿಂದ ಇದೆ ಅನ್ನುವ ಚಹಾ ಅಂಗಡಿ. ಕೊಯ್ಯುವ ಮೊದಲು ಮೂರು ವಾರದಷ್ಟು ಗಿಡಕ್ಕೆ ನೆರಳು ಕಟ್ಟಿ, ಎಲೆಯನ್ನು ಹಬೆಯಲ್ಲಿ ಬಾಡಿಸಿ ಒಣಗಿಸಿ, ಕಲ್ಲಿನಲ್ಲಿ ಬೀಸಿದರೆ ಮಾಚ್ಚಾ. ಒಂದು ಕಲ್ಲು ಗಂಟೆಗೆ ಬೀಸುವುದು 40 ಗ್ರಾಂ ಅಷ್ಟೇ. ಜಾಸ್ತಿ ಜೋರಾಗಿ ತಿರುಗಿಸಿದರೆ ಬಿಸಿಯಾಗಿ ಪರಿಮಳ ಹೋಗುತ್ತದೆ. ಅಮ್ಮ ಒಂದು ಗುಟುಕು ಕುಡಿದು ಬಟ್ಟಲನ್ನು ತಮ್ಮನ ಕಡೆ ಸರಿಸಿದಳು. ಮನೆಯಲ್ಲಿ ಫಿಲ್ಟರಿಗೆ ಡಿಕಾಕ್ಷನ್ ಹಾಕಿಟ್ಟು ಬಂದಿದ್ದಳು.

ಸ್ಟೇಷನ್ನಿನಲ್ಲಿ ನಾನು ಇಕೋಕಾ ಕಾರ್ಡಿನ ದುಡ್ಡು ವಾಪಸ್ ತಗೊಳ್ಳೋಣವಾ ಅಂತ ತಮ್ಮನನ್ನು ಕೇಳಿದೆ. ಪ್ರವಾಸಿಗಳ ಪಾಸ್ ಯಾವುದನ್ನೂ ಕೊಂಡಿರಲಿಲ್ಲ. ದಿನಕ್ಕೆ ಒಂದು ಕಡೆ ಹೋಗಿ ಬರುವವರಿಗೆ ಪಾಸು ಹೆಚ್ಚಿನ ಪಾಲು ದಂಡ. ಈ ಕಾರ್ಡಿಗೆ ದುಡ್ಡು ತುಂಬಿಸಿ ಗೇಟಿಗೆ ತಾಗಿಸಿದರೆ ಜೆಆರ್, ಖಾಸಗಿ, ಬಸ್ಸು ಎಲ್ಲಕ್ಕೂ ಆಗುತ್ತದೆ.

"ನಿಂಗೆ ಬಿಟ್ಟದ್ದು ಅಕ್ಕ. ಬಳಸದೇ ಇದ್ರೂ ಹತ್ತು ವರ್ಷ ನಡೆಯುತ್ತೆ," ಅಂದ.

"ಹಾಗಾದ್ರೆ ನನ್ನದು ಇಲ್ಲೇ ಇಟ್ಕೋ ಕಣೋ," ಅಂದಳು ಅಮ್ಮ. "ಆ ಬಿಳಿ ರೈಲು ಎಲ್ಲಿಗೋ ಹೋಗುತ್ತೆ ಅಂದಿದ್ಯಲ್ಲ, ಸಮುದ್ರದ ಹತ್ತಿರ ದೊಡ್ಡ ದೇವಸ್ಥಾನ ಇದೆ ಅಂತ."

"ಇಸೆ. ಅದು ದೂರ ಅಮ್ಮ, ಹೋಗೋಕೇ ಎರಡು ಗಂಟೆ."

"ಕೋಯಾಸಾನ್‌ಗೆ ಇನ್ನೆಷ್ಟು ಆಯ್ತು?"